ಈರಯ್ಯನವರ ಭಾನುವಾರದ ಕ್ಲಾಸು

ಮಗಳು ಶಾಂಘೈಗೆ ಹೋಗುತ್ತಾಳೆಂಬ ಸಿಟ್ಟನ್ನು ಈರಯ್ಯನವರು ಹೇಗೋ ನುಂಗಿಕೊಂಡಿದ್ದರು. ಆ ಫೋನು ಬರದಿದ್ದರೆ ಅರಗಿಸಿಕೊಳ್ಳುತ್ತಲೂ ಇದ್ದರೇನೋ.

ವೈಶಾಲಿ ಸ್ಯಾನ್ ಡಿಯಾಗೋದಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದಳು. ಜೊತೆಗೆ ಎರಡು ವರ್ಷ ಚೀನೀ ಭಾಷೆಯನ್ನೂ ಕಲಿತಿದ್ದಳು. ಇಷ್ಟೊಂದು ಸೇತುವೆ, ಕಟ್ಟಡ ಒಟ್ಟಿಗೆ ಏಳುತ್ತಿರುವ ಊರು ಬೇರೆಲ್ಲಿದೆ ಎಂದು ಶಾಂಘೈಯಲ್ಲೇ ಮುಂದೆ ಓದಿ, ಅಲ್ಲೇ ಕೆಲಸಕ್ಕೂ ಸೇರುವುದೆಂದು ಹಟ ಹಿಡಿದಿದ್ದಳು.

1996ರ ಜೂನ್ ತಿಂಗಳ ಒಂದು ಸಂಜೆ ಸೆರಿಟೋಸ್ ಊರಿನ ಅವರ ಮನೆಗೆ ಶಾಂಘೈಯ ಕಾಲೇಜಿನಿಂದ ಫೋನು ಬಂತು. ವೈಶಾಲಿ ಅರ್ಧ ಗಂಟೆ ಚೀನೀ ಭಾಷೆಯಲ್ಲಿ ಹರಟಿದಳು, ನಕ್ಕಳು, ನಡುವೆ ಹಾಸ್ಟೆಲ್ ರೂಮಿಗಾಗಿ ಜಗಳವನ್ನೂ ಆಡಿದಳು.

ಈರಯ್ಯನವರು ಕೇಳುತ್ತ ಕುದಿದರು. ವಾರವಿಡೀ ದೂರದ ಚಾಟ್ಸ್‌ವರ್ತ್‌ನ ಕಾರ್ಖಾನೆಗೆ ಡ್ರೈವ್ ಮಾಡಿ ಸುಸ್ತಾಗಿದ್ದರೂ, ಹನ್ನೊಂದು ವರ್ಷ ಪ್ರತಿ ಭಾನುವಾರ ತಮ್ಮ ಗ್ಯಾರೇಜಿನಲ್ಲಿ ಮಕ್ಕಳಿಗೆ ಕನ್ನಡ ಕ್ಲಾಸು ನಡೆಸಿದವರು ಅವರು. ಮೊದಲ ಸಾಲಿನಲ್ಲಿ ಕೂತಿದ್ದ ಸ್ವಂತ ಮಗಳು ಇವತ್ತಿಗೂ ಅವರಿಗೆ ಉತ್ತರ ಕೊಡುವುದು ಇಂಗ್ಲಿಷಿನಲ್ಲೇ!

ಅವಳು ಫೋನು ಇಟ್ಟೊಡನೆ ಸಿಡಿದರು.

"ಅವರ ಭಾಷಾ ಎರಡ ವರ್ಷದಾಗ ಬಂತು. ನಮ್ದು ಹನ್ನೊಂದು ವರ್ಷ ಕಲಿಸಿದ್ರೂ ಯಾಕ ಬರಲಿಲ್ಲವ್ವಾ ನಿನಗ?"

ವೈಶಾಲಿ ಎಂದಿನಂತೆ ಇಂಗ್ಲಿಷಿನಲ್ಲೇ, ಆದರೆ ಮೆಲ್ಲಗೆ ಉತ್ತರಿಸಿದಳು. ಚೀನೀ ಟೀಚರ್ ಕ್ಲಾಸಿನಲ್ಲಿ ಒಂದು ದಿನವೂ ಇಂಗ್ಲಿಷ್ ಮಾತಾಡಲಿಲ್ಲವಂತೆ. ಅಪ್ಪ ಕನ್ನಡ ಕಲಿಸಿದ್ದು ಮಾತ್ರ ಪೂರ್ತಿ ಇಂಗ್ಲಿಷಿನಲ್ಲಂತೆ.

ಈರಯ್ಯನವರು ಮೇಜು ಗುದ್ದಿ ಎದ್ದು ನಿಂತರು.

"ನಾನ್ಸೆನ್ಸ್! ವೆನ್ ಡಿಡ್ ಐ ಟೀಚ್ ಇನ್ ಇಂಗ್ಲಿಷ್?"