ಮಾಯಿನಾಳ ‘ನಾನು’

ವಿಲಿಮಾಯಿನಾಳ ಬದುಕು ಪುಸ್ತಕದಲ್ಲಿ ಬರುತ್ತದೆಯಂತೆ ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮೂರು ಲೆವೂಕಾದ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಮುಳ್ಳು ತೆಗೆಯುತ್ತಲೇ ಮುದುಕಿಯಾದವಳು, ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅಪಸ್ವರವಾಗಿ ಹಾಡುವವಳು. ಇವಳದೇನು ಚರಿತ್ರೆ! ನಾನು ಅವಳ ಸೋದರಮಾವನ ಮಗ, ಸಾಕಿಯಾಸಿ. ಈ ನಂಟಿನವರು ಒಬ್ಬರನ್ನೊಬ್ಬರು ಗೇಲಿ ಮಾಡದಿದ್ದರೆ, ಏನು ಜಗಳವೇ ಎಂದು ನಮ್ಮೂರಿನವರು ಕೇಳುತ್ತಾರೆ.

ಬರೆಯಲು ಬಂದವಳು ರಾಜಧಾನಿ ಸುವಾದಿಂದ ಲೀತಿಯಾ. ಒಳ್ಳೆಯ ಹುಡುಗಿ. ಸಾಮಾನ್ಯರ ಬದುಕನ್ನು ಅವರ ಮಾತಿನಲ್ಲೇ ಬರೆಯಬೇಕು, ಅವರು ಒಪ್ಪದೆ ಒಂದಕ್ಷರವೂ ಅಚ್ಚಾಗಬಾರದು ಎಂಬುದು ಅವಳ ಹಟ. ಹಾಗಾಗಿ ಬರೆದದ್ದನ್ನು ಓದಿ ಹೇಳಲು ಮತ್ತೆ ಬಂದಳು. ಮಾಯಿನಾ ಜಗಲಿಯಲ್ಲಿ ಕೇದಗೆ ಗರಿಯ ಚಾಪೆ ಹೆಣೆಯುತ್ತಿದ್ದಳು, ಮಗಳು ಮೆರೆಸೀನಿ ತೆಂಗಿನಕಾಯಿ ತುರಿಯುತ್ತಿದ್ದಳು, ನಾನು ಎಂದಿನಂತೆ ಸುಮ್ಮನೆ ಕೂತಿದ್ದೆ.

“ಆಗ ನಾನಿನ್ನೂ ಚಿಕ್ಕವಳು,” ಎಂದು ಲೀತಿಯಾ ಓದಿದಳು. “ಹಡಗಿನವನೊಬ್ಬನಿಂದ ನನಗೊಂದು ಗಂಡುಮಗು ಆಯಿತು. ಅದನ್ನು ಕೋರೋ ದ್ವೀಪದವರ ಕೈಗೆ ಕೊಟ್ಟುಬಿಟ್ಟೆ. ಮತ್ತೆ ನೋಡಲಿಲ್ಲ.”

ತುರಿಯುವ ಸದ್ದು ನಿಂತಿತು. “ಅಮ್ಮಾ, ನಂಗೊಬ್ಬ ಅಣ್ಣ ಇದಾನಾ?” ಎಂದಳು ಮೆರೆಸೀನಿ.

ನನಗೂ ದಿಗಿಲಾಯಿತು. ಅವಳ ಜೊತೆಯಲ್ಲೇ ಬೆಳೆದವನಿಗೆ ಇದು ಗೊತ್ತಾಗದೆ ಇರುತ್ತದೆಯೇ? “ಏನೇ ಮಾಯಿನಾ, ಆ ಹೊಟ್ಟೇನ ಎಲ್ಲಿ ಬಚ್ಚಿಟ್ಟಿದ್ದೆ?”

“ನಿನ್ ತಲೇಲಿ. ಅಲ್ಲಿ ಬೇಕಾದಷ್ಟು ಜಾಗ ಖಾಲಿ ಇತ್ತಲ್ಲ! ಅದು ಅತ್ತೆ ಮಗು ಕಣೋ.”

ಅತ್ತೆ ಎಂದರೆ ಅವಳ ಅಪ್ಪನ ಅಕ್ಕ. ಆಕೆಯೂ ವಿಲಿಮಾಯಿನಾ; ತನ್ನ ಹೆಸರನ್ನು ಇವಳಿಗೆ ಕೊಟ್ಟವಳು. ಇಬ್ಬರೂ ಒಬ್ಬರನ್ನೊಬ್ಬರು ‘ಯದ’ ಎಂದೇ ಕರೆಯುತ್ತಿದ್ದರು, ಒಂದೇ ಹೆಸರಿನವರೆಂದು. ಹೆಸರು ಒಂದಾದ ಮೇಲೆ ಸುಖದುಃಖವೂ ಒಂದೇ. ಮೊದಲಿಂದ ಹೇಳಿ ಎಂದು ಲೀತಿಯಾ ಕೇಳಿದ್ದಳಂತೆ. ಮಾಯಿನಾ ಮೊದಲಿಂದಲೇ ಹೇಳಿದ್ದಳು, ಎಂದೋ ತೀರಿಹೋದ ಅತ್ತೆಯಿಂದ, ಅದನ್ನೂ ‘ನಾನು’ ಎಂದೇ.

“ಹಾಗಾದ್ರೆ ‘ನಾನು’ ತೆಗೆದು ‘ನಮ್ಮತ್ತೆ’ ಅಂತ ಹಾಕ್ತೀನಿ ಅಜ್ಜಿ,” ಎಂದಳು ಲೀತಿಯಾ.

“ಬೇಡಮ್ಮ. ಅವಳು ಸತ್ತೋಗಿದಾಳೆ. ಯಾರಾದ್ರೂ ಕೆಟ್ಟ ಮಾತಾಡಿದ್ರೆ ಎದ್ದು ಬಂದು ಉತ್ತರ ಕೊಡ್ತಾಳಾ? ನಂಗಾದ್ರೆ ಬಾಯಿದೆ.”

“ಸರಿ, ಪೂರ್ತಿ ತೆಗೆದುಬಿಡ್ಲಾ?”

“ತೆಗೆದ್ರೆ ಅವನಿಗೆ ತಾನು ಯಾರ ಮಗ ಅಂತ ಹೇಳೋರು ಯಾರು? ಸಾಯೋವಾಗ್ಲೂ ‘ಅವನು ಬಂದ್ನಾ’ ಅಂತಾನೇ ಕೇಳ್ತಿದ್ಲು.”

“ಪುಸ್ತಕದಲ್ಲಿ ಸುಳ್ಳಾಗುತ್ತಲ್ಲ ಅಜ್ಜಿ!”

“ಊರೋರು ನನ್ ಮುಖ ನೋಡಿ ನಗ್ತಾರಲ್ಲ, ಅದು?” ಮೆರೆಸೀನಿ ಅಳುವುದೊಂದು ಬಾಕಿ.

ಯಾರ ಮಾತು ಸರಿ? ಲೀತಿಯಾ ಹೇಳಿದಾಗ ಹೌದೆನಿಸಿತು, ಮೆರೆಸೀನಿ ಹೇಳಿದಾಗಲೂ ಹೌದೆನಿಸಿತು. ಸತ್ತವಳ ಗುಟ್ಟು ಬಿಚ್ಚಿಡಲು ಮಾಯಿನಾ ಯಾರು? ಮುಚ್ಚಿಡಿ ಎನ್ನಲು ನಾನಾದರೂ ಯಾರು? ನನ್ನ ತಲೆ ಚಿಟ್ಟುಹಿಡಿದುಹೋಯಿತು. ಕೊನೆಗೆ ಮಾಯಿನಾ ಹೇಳಿದಂತೆಯೇ ಅಚ್ಚಾಯಿತು. ಲೀತಿಯಾ ಒಪ್ಪಿದಳು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ.

ಪುಸ್ತಕ ಬಂದದ್ದೇ ತಡ, ಸಂತೆಯಲ್ಲಿ ಗುಸುಗುಸು ಶುರುವಾಯಿತು. ಮೆರೆಸೀನಿ ತಾಯಿಯ ಜೊತೆ ಚರ್ಚಿಗೆ ಹೋಗುವುದನ್ನೇ ಬಿಟ್ಟಳು. ಮಾಯಿನಾ ಇನ್ನೂ ಗಟ್ಟಿಯಾಗಿ ಹಾಡಿದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಯಾಕೆಂದು ಮಾತ್ರ ತಿಳಿಯಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ದೋಣಿಯಿಳಿದು ಒಬ್ಬ ಮುದುಕ ಬಂದ. ಬಗಲಲ್ಲಿ ಯಂಗೋನದ ಬೇರಿನ ಕಟ್ಟು, ಮರ್ಯಾದೆಗೆ ತರುವಂಥದ್ದು. ಕೈಯಲ್ಲಿ ಆ ಪುಸ್ತಕ. ಮೆಟ್ಟಿಲ ಬಳಿ ನಿಂತು ಮಾಯಿನಾಳನ್ನು ನೋಡಿದ. ಅವಳಿಗಿಂತ ಇವನ ತಲೆಯೇ ಹೆಚ್ಚು ನರೆತಿತ್ತು.

“ಕೋರೋದಿಂದ ಬಂದೆ. ವಿಲಿಮಾಯಿನಾ ಅಂತ... ನಮ್ಮಮ್ಮ ಅಂತ ಇದರಲ್ಲಿ ಬರೆದಿತ್ತು,” ಎಂದು ತಡವರಿಸಿದ. “ನೀವು ನನಗಿಂತ ಚಿಕ್ಕೋರು.”

ನನ್ನ ನಾಲಗೆಯ ತುದಿಗೆ ಗೇಲಿಯ ಮಾತೊಂದು ಬಂದಿತ್ತು. ಅವನು ಆ ಪುಟ ತೆರೆದು ಮಾಯಿನಾಳ ಕಡೆ ಚಾಚಿದ್ದನ್ನು ಕಂಡು ನುಂಗಿಕೊಂಡೆ.

ಮಾಯಿನಾ ಚಾಪೆ ಬದಿಗಿಟ್ಟು ಎದ್ದಳು. “ಹೆಸರು ಅದೇ ಕಣಪ್ಪಾ. ಬಾ, ಮೇಲೆ ಬಾ. ಎಷ್ಟು ತಡ ಮಾಡಿಬಿಟ್ಟೆ!”

ಮುದುಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿದ. ಮೆರೆಸೀನಿ ಬಾಗಿಲಲ್ಲಿ ನಿಂತು ತಾಯಿಯನ್ನು ನೋಡಿದಳು, ಅವನನ್ನು ನೋಡಿದಳು, ಒಳಗೆ ಹೋದಳು. ಕಾಯಿಹಾಲಿನ ಮೀನು, ಬೇಯಿಸಿದ ಮರಗೆಣಸು ಬಡಿಸಿಕೊಂಡು ಬಂದಳು.

“ಅಣ್ಣಾ,” ಎಂದಳು, “ಕೈ ತೊಳ್ಕೊ.”