ಪಕೀರಬ್ಬರ ಚಾ ಮೇಜು ಮತ್ತು ಬ್ರಿಟನ್ನಿನ ಪ್ರಧಾನಿ

ಕೊಲ್ಲಿ ನಾಡಿನ ವೆಸ್ಟ್ ಬೇಯ ಗೋಪುರಗಳಿಗೆ ಇನ್ನೂ ಬಿಸಿಲು ತಾಗಿಲ್ಲ. ಬ್ರಿಟಿಷ್ ಎಂಜಿನಿಯರುಗಳ ಕಚೇರಿಯೊಂದರಲ್ಲಿ ಆಗಲೇ ನೀರು ಕುದಿಯುತ್ತಿದೆ. ಕಪ್ಪುಗಳನ್ನು ಒರೆಸಿ ಸಾಲಾಗಿ ಇಡುತ್ತಿರುವವರು ಉಳ್ಳಾಲದ ಪಕೀರಬ್ಬ. ಐವತ್ತು ದಾಟಿದ ಇವರು ಅಲ್ ಸದ್ದ್‌ನ ಕೋಣೆಯಿಂದ ಮೊದಲ ಬಸ್ಸಿಗೇ ಬರುತ್ತಾರೆ. ದಿನಕ್ಕೆ ನೂರಕ್ಕೂ ಹೆಚ್ಚು ಚಾ ಇವರ ಕೈಯಿಂದ ಹೋಗುತ್ತದೆ.

ಈ 2009ರಲ್ಲಿ ಆ ಮೇಜಿನ ಸುತ್ತ ಒಂದೇ ಚರ್ಚೆ. ಜನಬೆಂಬಲ ಕಳೆದುಕೊಂಡಿರುವ ಬ್ರಿಟನ್ನಿನ ಪ್ರಧಾನಿ ಮತ್ತೆ ಚೇತರಿಸಿಕೊಳ್ಳುತ್ತಾರೋ ಇಲ್ಲವೋ? ಒಬ್ಬರು ಅವರ ಕಥೆ ಮುಗಿಯಿತು ಎಂದರೆ, ಇನ್ನೊಬ್ಬರು ಚುನಾವಣೆಗೆ ಇನ್ನೂ ಸಮಯವಿದೆ ಎನ್ನುತ್ತಾರೆ. ಪಕೀರಬ್ಬ ಸುಮ್ಮನೆ ನಗುತ್ತಾರೆ. ಹೋದ ವಿಶ್ವಾಸ ಮರಳಿ ಪಡೆಯುವ ಪಾಡು ಅವರು ಅನುಭವಿಸಿ ತಿಳಿದದ್ದು.

ಕಚೇರಿಯ ಮುಖ್ಯಸ್ಥ ಹ್ಯಾರಿಸ್ ಸಾಹೇಬರು ಚಾಕ್ಕೆ ಸಕ್ಕರೆ ಬೇಡ ಎಂದು ಮೊದಲೇ ಹೇಳಿದ್ದರು. ಪಕೀರಬ್ಬರ ಮನಸ್ಸು ಒಪ್ಪಬೇಕಲ್ಲ?

"ಬಂದವರಿಗೆ ಸಪ್ಪೆ ಚಾ ಕೊಟ್ಟರೆ ಮರ್ಯಾದೆ ಉಂಟಾ ಮಾರಾಯ್ರೆ? ನಮ್ಮಲ್ಲಿ ನೆಂಟರು ಸಂಕೋಚಕ್ಕೆ ಬೇಡ ಅಂತಾರೆ, ನಾವು ಹಾಕಿಯೇ ಕೊಡೋದು. ಇವರದ್ದೂ ಹಾಗೆ ಅಂತ ಗ್ರಹಿಸಿ ಅರ್ಧ ಚಮಚ ಹಾಕ್ತಿದ್ದೆ."

ಡಬ್ಬಿ ಹಾಲಿನ ಸಿಹಿ ಇರಬೇಕೆಂದು ಸಾಹೇಬರು ಕುಡಿಯುತ್ತಲೇ ಹೋದರು. ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಮದ್ದು ಹೆಚ್ಚಿಸಿದ ಸುದ್ದಿ ಕಿವಿಗೆ ಬಿದ್ದ ದಿನ ಪಕೀರಬ್ಬರಿಗೆ ತಮ್ಮ ಅರ್ಧ ಚಮಚ ನೆನಪಾಯಿತು. ಯಾರೂ ಕೇಳುವ ಮೊದಲೇ ಸಾಹೇಬರ ಕೋಣೆಗೆ ಹೋಗಿ ಹೇಳಿಬಿಟ್ಟರು.

ಮರುದಿನದಿಂದ ಎಲ್ಲರ ಕೈಯಲ್ಲೂ ಮನೆಯ ಫ್ಲಾಸ್ಕು. ಚಾದ ಮಿಷನ್ ತರಿಸುವ ಮಾತು ಬಂತು. ಇವರ ವೀಸಾ ನವೀಕರಿಸುವುದು ಬೇಡ ಎಂಬ ಮಾತೂ ಬಂತು. "ಖಲಾಸ್ ಅಂತಲೇ ಅಂದುಕೊಂಡೆ. ಊರಲ್ಲಿ ಹೆಂಡತಿ ಸುಬೈದಾ, ಕಾಲೇಜಿಗೆ ಹೋಗುವ ಮಗಳು. ಯಾವ ಮುಖ ಹೊತ್ತುಕೊಂಡು ಹೋಗೋದು?"

ವೀಸಾ ಮುಗಿಯಲು ಕೆಲವು ತಿಂಗಳಿತ್ತು. ಪಕೀರಬ್ಬ ಕೆಟಲನ್ನು ಒಳಗಿನ ಅಡುಗೆ ಮೂಲೆಯಿಂದ ತಂದು ಎಲ್ಲರೂ ಓಡಾಡುವ ಜಾಗದಲ್ಲಿಟ್ಟರು. ಸಕ್ಕರೆ ಪಾತ್ರೆಯನ್ನು ಮೇಜಿನ ಆಚೆ ಬದಿಗೆ ಸರಿಸಿದರು, ಬೇಕಾದವರು ತಾವೇ ಹಾಕಿಕೊಳ್ಳಲಿ ಎಂದು. ಯಾರನ್ನೂ ಕರೆಯಲಿಲ್ಲ. ಮೊದಮೊದಲು ಚಾ ಆರಿ ಮೋರಿಗೆ ಹೋಗುತ್ತಿತ್ತು. ಆಮೇಲೆ ಒಬ್ಬೊಬ್ಬರೇ ಬಂದರು, ಕೊನೆಯವರಾಗಿ ಹ್ಯಾರಿಸ್. ಬಂದರೂ ಎದುರೇ ನಿಂತು, ಕಪ್ಪು ತುಂಬುವವರೆಗೆ ಇವರ ಬೆರಳುಗಳಿಂದ ಕಣ್ಣು ಕೀಳುತ್ತಿರಲಿಲ್ಲ. ವೀಸಾ ನವೀಕರಣದ ಕಾಗದಕ್ಕೆ ಸಹಿ ಹಾಕಿದವರೂ ಅವರೇ.

ಹಾಗಾದರೆ ಆ ಪ್ರಧಾನಿಯ ಗತಿ ಏನು ಎಂದು, ಇವರ ಬಗ್ಗೆ ಬರೆಯಲು ಬಂದ ನಾನೂ ಕೆಣಕುತ್ತೇನೆ.

"ಅದು ನನಗೆಂತ ಗೊತ್ತು? ತಪ್ಪಿದ್ದರೆ ಒಪ್ಪಬೇಕು, ಮತ್ತೆ ಕಾಯಬೇಕು. ಕಾದರೂ ಬಾರದವರು ಇರ್ತಾರೆ. ಪಾಪ, ಅವರಿಗೆ ಐದು ವರ್ಷಕ್ಕೊಂದು ಚುನಾವಣೆ. ನನಗೆ ದಿನಾ ಬೆಳಿಗ್ಗೆ ಉಂಟು."

ಅಷ್ಟರಲ್ಲಿ ಹ್ಯಾರಿಸ್ ಸಾಹೇಬರೇ ಬರುತ್ತಾರೆ. ಮೇಜಿಗೆ ಬೆನ್ನು ಮಾಡಿ ಪತ್ರಿಕೆ ಬಿಡಿಸುತ್ತಾರೆ. ಪಕೀರಬ್ಬ ಚಾ ಬೆರೆಸಿ ಮುಗಿಸುವವರೆಗೂ ತಿರುಗುವುದಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚುತ್ತಾರೆ.

"ನೋಡಿದ್ರಾ," ಪಕೀರಬ್ಬ ನನ್ನ ಕಡೆ ಬಾಗಿ ಮೆಲ್ಲಗೆ ಹೇಳುತ್ತಾರೆ, "ಈಗ ಅವರು ನನ್ನ ಕೈ ನೋಡುವುದಿಲ್ಲ."