ಹೆಬ್ಬಳ್ಳಿ ದಾರಿಯ ನಾಲ್ಕು ಸಾಲು

ಎದುರುಮನೆ ಅಜ್ಜಿಯ ಬಲಗೈ ಹೆಬ್ಬೆರಳು ಹತ್ತಿಯ ಬತ್ತಿ ಹೊಸೆದು ಹೊಸೆದು ಹೊಳೆಗಲ್ಲಿನಂತೆ ನುಣುಪಾಗಿತ್ತು. ಆ ಬೆರಳು ನಿಂತದ್ದನ್ನು ನಾನು ಒಮ್ಮೆ ಮಾತ್ರ ಕಂಡೆ.

ನಾನು ಮದುವೆಯಾಗಿ ಧಾರವಾಡದ ಆ ಓಣಿಗೆ ಬಂದ ಹೊಸತು. ನಾಲ್ಕಕ್ಷರ ಬಲ್ಲ ಸೊಸೆ ಎಂದು ಓಣಿಯ ಹೆಂಗಸರು ಮಧ್ಯಾಹ್ನ ನಮ್ಮ ಪಡಸಾಲೆಗೆ ಬರುತ್ತಿದ್ದರು. ನಾನು ಕಾದಂಬರಿ ಓದಬೇಕು, ಅವರು ಬತ್ತಿ ಹೊಸೆಯುತ್ತ ಕೇಳಬೇಕು. ಅಜ್ಜಿಗೆ ಓದು ಬಾರದು. ಅವರ ಪಾಲಿಗೆ ಪುಸ್ತಕವೆಂದರೆ ಪುರಾಣ. ಕಾದಂಬರಿಗೂ ಹೂವೇರಿಸುವರು, ಕಥೆ ಮುಗಿದ ದಿನ ನಮ್ಮಿಂದ ಮಂಗಳಾರತಿ ಮಾಡಿಸುವರು. ನಾಯಕ ನಾಯಕಿಯ ಕೈಹಿಡಿಯುವ ಪುಟಕ್ಕೂ ಅವರು ಭಕ್ತಿಯಿಂದ ಕೈಮುಗಿದಾಗ ನಾನು ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದೆ.

ಒಮ್ಮೆ ಪ್ಲೇಗಿನ ಕಾಲದ ಕಥೆ ಓದುತ್ತಿದ್ದೆ. ಇಲಿ ಸತ್ತು ಬಿದ್ದವೆಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದೆ. ಹೆಬ್ಬಳ್ಳಿ ದಾರಿ, ಒಂಟಿ ಹುಣಸೆಮರ, ಕೊನೆಯ ಗುಡಿಸಲಿನ ಬಾಗಿಲಲ್ಲಿ ಕೆಂಪು ಪರಕಾರ ಉಟ್ಟ ಪುಟ್ಟ ಹುಡುಗಿ. ದಾರಿಹೋಕನೊಬ್ಬ ತನ್ನ ಚಂಬಿನಿಂದ ಅವಳಿಗೆ ನೀರು ಕುಡಿಸಿ ಮುಂದೆ ಹೋಗುತ್ತಾನೆ. ನಾಲ್ಕೇ ಸಾಲು.

ಹೆಬ್ಬೆರಳು ನಿಂತಿತು.

"ನೀರು ಕೊಟ್ನಂತೇನ? ಇನ್ನೊಮ್ಮೆ ಓದವಾ."

ಓದಿದೆ. ಅಜ್ಜಿ ಬತ್ತಿ ಕೆಳಗಿಟ್ಟರು. ಪ್ಲೇಗಿನ ವರ್ಷ ಅದೇ ಮರದ ಬಳಿ ಅವರ ಗುಡಿಸಲಿತ್ತಂತೆ. ಗಂಡ ಆಗಲೇ ತೀರಿಕೊಂಡಿದ್ದ. ಅವರೂ ಜ್ವರದಲ್ಲಿ ಮೈಮರೆತು ಬಿದ್ದಿದ್ದರು. ಎಚ್ಚರವಾದದ್ದು ಬೇರೆಯವರ ಗುಡಿಸಲಲ್ಲಿ; ಐದು ವರ್ಷದ ಮಗಳು ಉಳಿದಿರಲಿಲ್ಲ, ಸೋಂಕೆಂದು ಅವರ ಗುಡಿಸಲನ್ನೂ ಸುಟ್ಟಿದ್ದರು.

"ಕೆಂಪು ಪರಕಾರ ನಾನ ಉಡಿಸಿದ್ದೆ. ನೀರು ನೀರು ಅಂತ ಒದರತಿತ್ತವಾ ಕೂಸು. ನನಗ ಕೇಳಸತಿತ್ತು, ಏಳಾಕ ಆಗಲಿಲ್ಲ. ಯಾರರ ಕೊಟ್ರೋ ಇಲ್ಲೋ, ಇಷ್ಟು ವರ್ಷ ಅದ ಕೊರೀತಿತ್ತು."

"ಇದು ಬರೇ ಕಥಿರಿ ಅಜ್ಜಿ," ಎಂದೆ.

"ಕಥಿ ಆದ್ರೇನು? ಮನಿ ಕಟ್ಟಾಂವ ಕಲ್ಲು ಎಲ್ಲಿಂದರ ತರಬೇಕಲ್ಲ? ಬರದಾಂವ ನೋಡ್ಯಾನ."

ಅವರ ಹಟಕ್ಕೆ ಚಕ್ಕಡಿ ಹೂಡಿಸಿಕೊಂಡು ಹೋದೆವು. ಮರವಿತ್ತು, ಸುತ್ತ ಆಳೆತ್ತರದ ಜೋಳ. ಅಜ್ಜಿ ನನ್ನನ್ನು ಮರದಡಿ ನಿಲ್ಲಿಸಿ ಆ ನಾಲ್ಕು ಸಾಲು ಗಟ್ಟಿಯಾಗಿ ಓದಿಸಿದರು. ಓದುತ್ತಿದ್ದಂತೆ ಯಾರೋ ನನ್ನ ಸೀರೆಯ ನಿರಿಗೆ ಹಿಡಿದು ನಿಂತಂತಾಯಿತು. ಬಗ್ಗಿ ನೋಡುವ ಧೈರ್ಯವಾಗಲಿಲ್ಲ. ಅಜ್ಜಿ ಮನೆಯಿಂದ ತಂದಿದ್ದ ಚಂಬಿನ ನೀರನ್ನೆಲ್ಲ ಬೇರಿಗೆ ಸುರಿದರು.

ಪುರಾಣವನ್ನು ಅರ್ಧಕ್ಕೆ ಬಿಡಬಾರದೆಂದು ನಮಗೆ ಬೈಯುತ್ತಿದ್ದವರು ಆ ಪುಸ್ತಕವನ್ನು ಮಾತ್ರ ಮುಂದೆ ಓದಗೊಡಲಿಲ್ಲ. ನಾನೊಬ್ಬಳೇ ಕೂತು ಕೊನೆಯವರೆಗೆ ಓದಿದೆ. ಆ ಹುಡುಗಿ ಮತ್ತೆಲ್ಲೂ ಬರುವುದಿಲ್ಲ.

ಕೆಲವು ವರ್ಷಗಳ ಮೇಲೆ ಅಜ್ಜಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನನ್ನ ಕೈಹಿಡಿದು, "ಮುಂದ ಏನಾತವಾ?" ಎಂದರು. ಯಾವ ಕಥೆಯೆಂದು ಕೇಳಬೇಕಿರಲಿಲ್ಲ. ಪುಸ್ತಕ ತಂದು ತೆರೆದು, ಅದರಲ್ಲಿ ಇಲ್ಲದ್ದನ್ನು ಓದಿದೆ: "ನೀರು ಕುಡಿದು ಹುಡುಗಿ ತಾಯಿಯ ಮಗ್ಗುಲಲ್ಲಿ ಮಲಗಿ ನಿದ್ದೆ ಹೋದಳು."

"ಹಂಗಾರ ಮುಗೀತಲ್ಲ. ಮಂಗಳಾರತಿ ಮಾಡವಾ."

ಅವರೇ ಹೊಸೆದ ಬತ್ತಿ ಹಚ್ಚಿ ಪುಸ್ತಕಕ್ಕೆ ಬೆಳಗಿದೆ. ಸಂಜೆಗೆ ಅಜ್ಜಿ ಹೋದರು.

ಬರೆದವನು ನಿಜಕ್ಕೂ ನೋಡಿದ್ದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಅಜ್ಜಿಯ ದೆಸೆಯಿಂದ ಯಾವ ಕಥೆಯನ್ನೂ ಬರೇ ಕಥೆಯೆಂದು ಓದಲು ನನ್ನಿಂದಾಗಿಲ್ಲ. ಈಗಲೂ ಕಾದಂಬರಿ ಹಿಡಿದರೆ ಪಕ್ಕದಲ್ಲಿ ಚಂಬು ತುಂಬ ನೀರಿಟ್ಟುಕೊಂಡೇ ಕೂರುತ್ತೇನೆ. ಯಾಕೆಂದು ಕೇಳಿದವರಿಗೆ, ಓದಿ ಓದಿ ಗಂಟಲು ಒಣಗುತ್ತದೆ ಎನ್ನುತ್ತೇನೆ.